ಗುಡ್ಡದ ಮೇಲಿನ ಮೊಸಳೆ

ಬಿ.ಎಸ್ಸಿ.ಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ಕೈಕೊಟ್ಟದ್ದು ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ ಅಪ್ಪ ಬೈಯಲಿಲ್ಲ. ಇನ್ನೊಂದು ಸಲ ಕೂತು ನೋಡು, ಆಗದಿದ್ದರೆ ನನ್ನ ಜೊತೆ ಗೇಟಿಗೆ ಬಾ ಎಂದರು, ಅಷ್ಟೇ.

ಪರೀಕ್ಷೆಗೆ ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ಒಯ್ಯಬೇಕಿತ್ತು. ಎಲ್ಲರೂ ತರುವ ತುಂಬೆ, ದತ್ತೂರಿಯಿಂದ ನನ್ನ ಮಾನ ಉಳಿಯುವಂತಿರಲಿಲ್ಲ. ಮಳೆ ಹಿಡಿದ ಹೊಸದರಲ್ಲಿ ಜೋಯಿಡಾ ಕಡೆಯ ಗುಡ್ಡ ಹತ್ತಿದೆ. ಅಲ್ಲಿ ನೆಲಕ್ಕೆ ಅಂಟಿಕೊಂಡಂತೆ ಒಂದು ಹಳದಿ ಹೂವು, ಆರು ಎಸಳು, ಸುತ್ತ ಉದ್ದನೆಯ ಎಲೆ. ಐರಿಸ್ ಕುಟುಂಬದ್ದೇ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಐರಿಸ್ ಆದರೆ ಹೂವಿನಲ್ಲಿ ಮೂರು ಕೇಸರ ಇರಬೇಕು. ನಾನು ಮೂರೇ ಎಣಿಸಿದೆ. ಬೇಕಾದಷ್ಟು ಸಿಕ್ಕಮೇಲೆ ಎಣಿಕೆ ನಿಲ್ಲಿಸುವುದು ನನ್ನ ಹುಟ್ಟುಗುಣ.

ಅಲ್ಲೇ ದನ ಮೇಯಿಸುತ್ತಿದ್ದ ಸಿದ್ದಿ ಅಜ್ಜಿಯೊಬ್ಬಳು ಬಂದು ಬಗ್ಗಿ ನೋಡಿದಳು.

"ಕಾಳಿ ಮುಸಳಿ ಐತಿ ತಮ್ಮಾ. ಕೆಳಗ ಐತಿ ನೋಡು."

ಕೆಳಗೆ ನೋಡಿದೆ. ದೂರದಲ್ಲಿ ಕಾಳಿ ನದಿ ಹರಿಯುತ್ತಿತ್ತು. ದಾಂಡೇಲಿಯಲ್ಲಿ ಬೆಳೆದವನಿಗೆ ಹೊಳೆಯ ಮೊಸಳೆ ಹೊಸದೇನಲ್ಲ. ಗುಡ್ಡದ ಮೇಲೆ ನಿಂತವನಿಗೆ ಅದರ ಭಯ ಹೇಳುತ್ತಾಳಲ್ಲ ಎಂದು ನಗು ಬಂತು. ಅಜ್ಜಿ ಅದೇ ಮಾತನ್ನು ಮತ್ತೆ ಹೇಳಿ, ಕುಡಗೋಲಿನಿಂದ ಗಿಡದ ಬುಡ ಕೆದರತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಹೂವು ಹಾಳು ಮಾಡಬೇಡ ಎಂದು ಗದರಿ, ಎಲೆ ಹೂವುಗಳನ್ನಷ್ಟೇ ಕೊಯ್ದುಕೊಂಡು ಬಂದೆ. ಅವಳು ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ದನಗಳ ಹಿಂದೆ ಹೋದಳು.

ಧಾರವಾಡದಲ್ಲಿ ಪರೀಕ್ಷಕರು ಆ ಹಾಳೆಯನ್ನು ಎತ್ತಿ ಹಿಡಿದು, ಬೇರು ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ಒಣಗಿದ ಹೂವನ್ನು ಸೂಜಿಯಿಂದ ಬಿಡಿಸಿ ಕೇಸರಗಳ ಎಣಿಕೆಯನ್ನು ನನ್ನಿಂದಲೇ ಮಾಡಿಸಿದರು. ಆರು.

"ಐರಿಸ್ ಅಲ್ಲಪಾ ಇದು, ನೆಲತಾಳೆ. ಮರಾಠಿ ಮಂದಿ ಕಾಳಿ ಮುಸಳಿ ಅಂತಾರ. ಕಾಳಿ ಅಂದ್ರ ಕರೀದು. ಅದರ ಗಡ್ಡಿ ಕರ್ರಗ ಇರತೈತಿ, ಔಷಧಕ್ಕ ಅಗದು ಒಯ್ತಾರ. ಅಲ್ಲಿ ಯಾರನ್ನೂ ಕೇಳಲಿಲ್ಲೇನು?"

ಇಲ್ಲ ಎಂದೆ. ಅದು ಸುಳ್ಳೂ ಅಲ್ಲ. ನಾನು ಕೇಳಿರಲಿಲ್ಲ, ಅಜ್ಜಿ ತಾನಾಗಿಯೇ ಹೇಳಿದ್ದಳು. ಒಂದಲ್ಲ, ಎರಡು ಸಲ.

ಆ ವರ್ಷವೂ ಪಾಸಾಗಲಿಲ್ಲ. ಅಪ್ಪನ ಜೊತೆ ಗೇಟಿಗೆ ಹೋದೆ, ಮೂವತ್ತು ವರ್ಷ ಅಲ್ಲೇ ದುಡಿದೆ. ಅದಕ್ಕೆ ಈಗ ದುಃಖವಿಲ್ಲ. ಆದರೆ ಆ ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಗಿಡದ ಕುಟುಂಬ, ಸಿಕ್ಕಿದ ಜಾಗ ಎಲ್ಲ ಬರೆದು, ಸ್ಥಳೀಯ ಹೆಸರು ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ: "ಯಾರಿಗೂ ಗೊತ್ತಿಲ್ಲ."