ನೀಲವ್ವನ ಕೈಗುಣ

೧೯೩೮ರ ಹಿಂಗಾರು. ಧಾರವಾಡದಲ್ಲಿ ಹತ್ತಿಯ ಹೊಸ ತಳಿ ಹುಡುಕುವ ಕಚೇರಿಯೊಂದರಲ್ಲಿ ನಾನು ಸಹಾಯಕನಾಗಿದ್ದೆ. ಹೆಸರಿಗೆ ಪ್ರಯೋಗಾಲಯದ ನೌಕರಿ. ಹೂವಿನ ಕಾಲಕ್ಕೆ ಮಾತ್ರ ಸುಳ್ಳ ಎಂಬ ಊರಿನ ಎರೆಮಣ್ಣಿನ ಹೊಲದಲ್ಲೇ ಬಿಡಾರ.

ಕೆಲಸ ಇಷ್ಟೆ. ಹೂ ಅರಳುವ ಹಿಂದಿನ ಸಂಜೆ ಮೊಗ್ಗು ಬಿಡಿಸಿ, ಗಂಡು ಕೇಸರಗಳನ್ನು ಚಿಮಟದಿಂದ ಕಿತ್ತು, ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಿ ದಾರ ಕಟ್ಟಬೇಕು. ಹೂವಿನ ಬುಡದ ಅಂಡಾಶಯದಲ್ಲಿ ಸಾಸಿವೆಗಿಂತ ಸಣ್ಣ ಅಂಡಕಗಳಿರುತ್ತವೆ. ಪರಾಗ ಕೂಡಿದ ಅಂಡಕವೇ ಬಲಿತು ಬೀಜವಾಗುತ್ತದೆ. ಅದರ ಸಿಪ್ಪೆಯ ಮೇಲೆ ಹುಟ್ಟುವ ಕೂದಲೇ ನಮ್ಮ ಹತ್ತಿ. ಕೂಡದಿದ್ದರೆ ಎಳೆಗಾಯಿ ಉದುರಿಹೋಗುತ್ತದೆ.

ಊರಿನ ಆರು ಹೆಣ್ಣುಮಕ್ಕಳು ಕೂಲಿಗೆ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ; ನೀಲವ್ವನದು ಕೆಂಪು. ಅವಳಷ್ಟು ಹಗುರ ಕೈ ಮತ್ತಾರದೂ ಇರಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಕಷ್ಟದ ಸಾಲನ್ನು ಅವಳಿಗೆ ಕೊಟ್ಟೆ: ನಾಡಹತ್ತಿಯ ಹೂವಿಗೆ ಅಮೆರಿಕದ ಹತ್ತಿಯ ಪರಾಗ. ಉಳಿದವರ ಸಾಲುಗಳಲ್ಲಿ ನಾಡಹತ್ತಿಗೆ ನಾಡಹತ್ತಿಯೇ ಜೋಡಿ.

ಹತ್ತು ದಿನಗಳಲ್ಲಿ ಕೆಂಪು ದಾರದ ಕಾಯಿಗಳು ಹೆಚ್ಚುಕಡಿಮೆ ಎಲ್ಲ ನೆಲಕ್ಕೆ ಬಿದ್ದವು. ಅದೇ ಹೊತ್ತಿಗೆ ತಪಾಸಣೆಗೆ ಕಚೇರಿಯ ಸಾಹೇಬರು ಬಂದರು.

“ಈ ಕೆಂಪು ದಾರ ಯಾರದು? ಆಕೀ ಕೈಯಾಗ ಕಾಯಿ ನಿಲ್ಲಂಗಿಲ್ಲ. ಬಿಡಿಸ್ರಿ ಆಕೀನ.”

ಹೆಂಗಸರೆಲ್ಲ ಕೇಳಿಸಿಕೊಂಡರು. ನಾನು ತಲೆ ತಗ್ಗಿಸಿ ಬರೆದುಕೊಂಡೆ.

ಮೂರನೆಯ ದಿನ ನೀಲವ್ವ ಬಿಡಾರಕ್ಕೆ ಬಂದಳು. ಬಿತ್ತನೆಯ ದಿನ ಕೂರಿಗೆಗೆ ಮೊದಲ ಹಿಡಿ ಬೀಜ ಹಾಕಲು ಕೈಗುಣ ಇದ್ದವರನ್ನೇ ಕರೆಯುವುದು ಅಲ್ಲಿಯ ರೂಢಿ. ಊರ ಗೌಡರ ಮನೆಯಲ್ಲಿ ಆ ಮರ್ಯಾದೆ ವರ್ಷಗಳಿಂದ ಅವಳದೇ; ಕರೆಯುವವರು ಗೌಡರ ಹೆಂಡತಿ, ಗೌಡಶಾನಿ.

“ರಾಯರ, ಕೂಲಿ ಹೋದ್ರ ಹೋಗ್ಲಿ. ನಂದು ಬಂಜೀ ಕೈಯಂತ. ಗೌಡಶಾನಿ ಬರೂ ಮಳಿಗಾಲಕ್ಕ ಬಿತ್ತಾಕ ಬ್ಯಾರೇದಾಕೀನ ಕರೀತಾರಂತ.”

“ನೋಡೂಣು ತಡಿ, ನೀಲವ್ವಾ.”

“ನೋಡೂದಿದ್ರ ಲಗೂ ನೋಡ್ರಿ.”

ಗಿಡದಲ್ಲಿ ಉಳಿದಿದ್ದ, ಉದುರುವ ಹಂತದ ಕೆಲವು ಕಾಯಿಗಳನ್ನು ಕಿತ್ತು ಕೆಡದಂತೆ ಸ್ಪಿರಿಟ್ಟಿನಲ್ಲಿ ಹಾಕಿಟ್ಟೆ. ಅವಳು ಅಂದಷ್ಟು ಬೇಗ ಮಾತ್ರ ನೋಡಲಿಲ್ಲ. ಅಂಡಕವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ತೆಳ್ಳಗೆ ಸೀಳಿ, ಬಣ್ಣ ಹಾಕುವ ಕೆಲಸ ಬೇಸರದ್ದು. ಬೇರೆ ಕೆಲಸಗಳೂ ಇದ್ದವು. ಅಂತೂ ಬೇಸಿಗೆಯಲ್ಲಿ ಗಾಜಿನ ಸ್ಲೈಡುಗಳು ಸಿದ್ಧವಾದವು, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪರಾಗ ಕೂಡಿತ್ತು. ಅಂಡಕದೊಳಗೆ ಭ್ರೂಣ ಮೊಳೆತು ಬೆಳೆಯತೊಡಗಿತ್ತು. ಅದಕ್ಕೆ ಉಣಿಸಬೇಕಾದ ಎಂಡೋಸ್ಪರ್ಮ್ ಎಂಬ ಭಾಗ ನಡುವೆಯೇ ಕುಸಿದಿತ್ತು. ದೂರದ ಎರಡು ಹತ್ತಿ ಜಾತಿಗಳ ಹೊಂದಿಕೆಯಾಗದ ಗುಣ ಅದು, ಕೈಯ ದೋಷವಲ್ಲ.

“ಛಲೋ ಆತು, ರಿಪೋರ್ಟಿನ್ಯಾಗ ಬರೀರಿ” ಎಂದರು ಸಾಹೇಬರು. ರಿಪೋರ್ಟಿನಲ್ಲಿ ನೀಲವ್ವನಿಗೆ ಜಾಗ ಇರಲಿಲ್ಲ.

ಮಳೆಗೆ ಮೊದಲು ಸೂಕ್ಷ್ಮದರ್ಶಕವನ್ನು ಚಕ್ಕಡಿ ಗಾಡಿಯಲ್ಲಿ ಹೇರಿಕೊಂಡು ಗೌಡರ ಮನೆಗೆ ಹೋದೆ, ನೀಲವ್ವನನ್ನೂ ಕರೆಸಿದೆ. ಗೌಡಶಾನಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ನನಗ ಹುರದ ರವಾ ಕಂಡಂಗಾತು, ರಾಯರ. ಇದರಾಗ ನೀಲವ್ವನ ಕೈ ಎಲ್ಲೈತ್ರಿ?”

ನಾನು ವಿವರಿಸಿದೆ. ಅವರ ಮುಖದಲ್ಲಿ ನಂಬಿಕೆ ಹುಟ್ಟಲಿಲ್ಲ. ಕೊನೆಗೆ ಕೇಳಿದರು, “ಆ ಸಾಲು ಆಕೀಗೆ ಕೊಟ್ಟಾವ್ರು ಯಾರ್ರೀ?”

“ನಾನರಿ.”

“ಕಾಯಿ ನಿಲ್ಲೂದು ಕಠಿಣ ಅಂತ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತರಿ.”

“ಮತ್ತ ಸಾಹೇಬ್ರ ಮುಂದ ಯಾಕ ಅನ್ನಲಿಲ್ಲ?”

“ಅಂಜಿದೆ.”

ಗೋಡೆಗೆ ಆತು ನಿಂತಿದ್ದ ನೀಲವ್ವ ಆಗ ಬಾಯಿ ತೆರೆದಳು. “ಈ ಮಾತು ಅವತ್ತ ಹೊಲದಾಗ ಅಂದಿದ್ರ, ಈ ಹಿತ್ತಾಳಿ ಸಾಮಾನು ಹೊರೂದು ತಪ್ಪತಿತ್ತಲ್ರೀ.”

ಗೌಡಶಾನಿ ನಕ್ಕರು. “ಮಳಿ ಆದ ಮ್ಯಾಲ ಬಾರವಾ, ನೀಲವ್ವಾ. ಬೀಜ ತಗದಿಟ್ಟಿರತೇನಿ.”

ಮುಂದೆ ನೌಕರಿ ಇರುವವರೆಗೂ ಕಷ್ಟದ ಸಾಲನ್ನು ಎಲ್ಲ ಕೈಗಳಿಗೂ ಹಂಚಿದೆ. ಹಂಚಲಾಗದೆ ಒಬ್ಬರಿಗೇ ಕೊಟ್ಟಾಗ, ಫಲ ಕೇಳುವವರು ಬಂದ ದಿನ ಆ ಸಾಲಿನ ತುದಿಯಲ್ಲಿ ನಾನೇ ಹೋಗಿ ನಿಂತು, ಇದು ನಾನು ಕೊಟ್ಟ ಸಾಲು ಎನ್ನುತ್ತಿದ್ದೆ.