ಟವೆಲ್ಲಿನ ಹಕ್ಕು, ಅಡ್ಜಸ್ಟಿನ ಅರ್ಥ

ನಾನು ಉದಗೀರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಆ ಸೋಮವಾರ ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಉದಗೀರದ ಬಸ್ಸಿನೊಳಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ನಮ್ಮ ಕಡೆ ಟವೆಲ್ ಬಿತ್ತೆಂದರೆ ಜಾಗ ರಿಜಿಸ್ಟ್ರಿ ಆದಂತೆ. ಯಾರೂ ತಕರಾರು ತೆಗೆಯುವುದಿಲ್ಲ.

ಇಬ್ಬರ ಸೀಟಿನಲ್ಲಿ ಆಗಲೇ ಮೂವರಾಗಿದ್ದೆವು. ಜೋಳದ ಚೀಲವನ್ನು ಬಾಗಿಲ ಬಳಿ ಇಳಿಸಿ ಮುದುಕಿಯೊಬ್ಬಳು ಬಂದು ನಿಂತಳು.

“ಜರಾ ಅಡ್ಜಸ್ಟ್ ಮಾಡ್ರಿ ಸರ.”

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. “ಆಯೀ, ಅಡ್ಜಸ್ಟ್ ಮಾಡೂದು ಗಡಿಯಾರದ ಮುಳ್ಳಿಗಿ. ಮನಷ್ಯಾರಿಗಿ ಅಲ್ಲ,” ಎಂದೆ. ಅಷ್ಟಕ್ಕೇ ಬಿಡಬೇಕಿತ್ತು. ಮೊಬೈಲಿನಲ್ಲಿ ನಿಘಂಟು ತೆರೆದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಓದಿ ಹೇಳಿದೆ: ಹಳೆಯ ಫ್ರೆಂಚಿನಿಂದ ಬಂದ ಕ್ರಿಯಾಪದ, ಅದರ ಹಿಂದೆ ಲ್ಯಾಟಿನ್, ಮೂಲ ಅರ್ಥ ಹತ್ತಿರಕ್ಕೆ ತರುವುದು.

“ನಾ ಮತ್ತೇನ್ ಹೇಳ್ಲಕತ್ತೀನಿ?” ಎಂದ ಮುದುಕಿ ನಮ್ಮ ನಡುವೆ ತೂರಿ ಕುಳಿತೇಬಿಟ್ಟಳು. ಅರ್ಥ ತಿಳಿದ ಉಳಿದಿಬ್ಬರೂ ನನ್ನ ಕಡೆಗೇ ಹತ್ತಿರ ಸರಿದರು. ತುದಿಯಲ್ಲಿದ್ದ ನಾನು ಸೀಟಿನಿಂದ ಜಾರಿ ಎದ್ದು ನಿಂತೆ. ಟವೆಲ್ ಅವರ ಕೆಳಗೇ ಉಳಿಯಿತು.

ಕಂಡಕ್ಟರ್ ಮುದುಕಿಯ ಚೀಲ ಎಳೆದುಕೊಂಡು ಬಂದ. “ಸರ, ಒಂದ್ ಕಾಲ್ ಮ್ಯಾಲ ಅಡ್ಜಸ್ಟ್ ಮಾಡ್ರಿ. ಚೀಲ ಇಡಬೇಕು.”

ನಿಲಂಗಾ ಬರುವವರೆಗೆ ಕೊಕ್ಕರೆಯಂತೆ ನಿಂತೆ. ಅಲ್ಲಿ ಮುದುಕಿ ಚೀಲದೊಂದಿಗೆ ಇಳಿದಳು. ಸದ್ಯ, ಎಂದು ಕಾಲು ಕೆಳಗಿಡಲು ಹೋದೆ.

ಚೀಲವಿದ್ದ ಜಾಗದಲ್ಲಿ ಆಗಲೇ ಯಾರದೋ ಟವೆಲ್ ಬಿದ್ದಿತ್ತು.