ಮೇಕೆಯ ಕುಲಗೋತ್ರ

ಗಿಲ್ಗಿಲ್ ಪೇಟೆಯಲ್ಲಿ ನನ್ನ ಚಹಾದಂಗಡಿಗೆ ಅಂಟಿಕೊಂಡೇ ಗಿಚೂಹಿಯ ಮಾಂಸದಂಗಡಿ ಇತ್ತು. ಅವನ ಅಪ್ಪ ಕಟ್ಟಿದ್ದು. ಗಿಚೂಹಿಗೆ ಒಂದೇ ಒಂದು ದುರಭ್ಯಾಸ: ಜನ ಹೇಳಿದ್ದನ್ನು ನಂಬುತ್ತಿದ್ದ. ಕುಡಿದವರಿಗಾದರೂ ಬೆಳಗಾದರೆ ಇಳಿಯುತ್ತದೆ, ಇವನಿಗೆ ಇಳಿಯುತ್ತಲೇ ಇರಲಿಲ್ಲ.

ನಮ್ಮ ಕಡೆ ಮೇಕೆಯನ್ನು ಸುಲಿದು ತೂಗುಹಾಕುವಾಗ ಬಾಲವನ್ನು ಹಾಗೇ ಬಿಡುತ್ತಾರೆ. ಗಿರಾಕಿ ಮೊದಲು ಬಾಲ ನೋಡುತ್ತಾನೆ, ಆಮೇಲೆ ತೊಡೆ. ಬಾಲ ಮೇಕೆಯದಾದರೆ ಮಾಂಸವೂ ಮೇಕೆಯದೇ, ಅಲ್ಲಿಗೆ ಮುಗಿಯಿತು. ಆ ವರ್ಷ ಎಲ್ಲೋ ಕತ್ತೆ ಮಾಂಸ ಮಾರಿದರಂತೆ ಎಂಬ ಸುದ್ದಿ ಹಬ್ಬಿತು. ಕತ್ತೆಯನ್ನು ಕಂಡವರಿಲ್ಲ, ತಿಂದೆ ಅನ್ನುವವರಂತೂ ಮೊದಲೇ ಇಲ್ಲ. ಆದರೂ ಗಿಚೂಹಿಯ ಅಂಗಡಿ ಬಿಕೋ ಎಂದಿತು. ಹೀಗೇ ಆದರೆ ಅಪ್ಪನ ಅಂಗಡಿಗೆ ಬೀಗ ಹಾಕಬೇಕು ಎಂದು ನನ್ನ ಮುಂದೆ ಕೂತು ಅತ್ತ.

ಅದೇ ಹೊತ್ತಿಗೆ ನೈರೋಬಿಯಿಂದ ಇಬ್ಬರು ಓದಿದವರು ಬಂದರು, ಸಮೀಕ್ಷೆಯಂತೆ. ನನ್ನ ಬೆಂಚಿನ ಮೇಲೆ ಕೂತು ಹೋದಬಂದವರನ್ನೆಲ್ಲ ಕೇಳಿದರು: ಮಾಂಸ ಯಾರ ಹಟ್ಟಿಯದು ಎಂದು ಖಾತ್ರಿಯಾಗಿ ತಿಳಿಸಿದರೆ ಕಿಲೋಗೆ ಇಪ್ಪತ್ತು ಶಿಲ್ಲಿಂಗ್ ಹೆಚ್ಚು ಕೊಡುತ್ತೀರಾ? ಉತ್ತರಿಸಿದವರಿಗೆ ಒಂದು ಪೊಟ್ಟಣ ಸಕ್ಕರೆ.

"ಇಪ್ಪತ್ತು ಯಾಕ್ರೀ, ಐವತ್ತು ಕೊಡ್ತೀನಿ!" ಎಂದರು ಮುಹೋರೊ ಮೇಷ್ಟ್ರು, ಸಕ್ಕರೆಯನ್ನು ಜೇಬಿಗಿಳಿಸುತ್ತ. "ಜೀವಕ್ಕಿಂತ ದುಡ್ಡು ಹೆಚ್ಚಾ?"

ಗಿಚೂಹಿಯ ಕಣ್ಣು ಅರಳಿತು. "ಕೇಳಿದ್ಯಾ ಅಕ್ಕ? ಮೇಷ್ಟ್ರೇ ಹೇಳ್ತಿದಾರೆ!"

"ಮೇಷ್ಟ್ರು ಒಂದು ಲೋಟ ಚಹಾಕ್ಕೂ ಚೌಕಾಸಿ ಮಾಡ್ತಾರೆ ಕಣೋ," ಎಂದೆ. ಕೇಳುವ ಕಿವಿ ಎಲ್ಲಿತ್ತು?

ಬಯಲಿಗೆ ಹೋಗಿ, ದನ-ಮೇಕೆ ಸಾಕುವ ಮಸಾಯಿ ಜನದ ಪಾರ್ಸಲೋಯ್ ಎಂಬವನ ಹಟ್ಟಿಯಿಂದಲೇ ಮೇಕೆ ತರುವುದೆಂದು ಮಾತಾಡಿಕೊಂಡು ಬಂದ. ಮರುದಿನದಿಂದ ಬಾಲದ ಪಕ್ಕ ಒಂದು ಚೀಟಿಯೂ ತೂಗಿತು: ಬದುಕಿದ್ದಾಗಿನ ಮೇಕೆಯ ಫೋಟೋ, ಸಾಕಿದವನ ಹೆಸರು, ಫೋನ್ ನಂಬರು. ಬೆಲೆ ಇಪ್ಪತ್ತು ಹೆಚ್ಚು.

ಜನ ಬಂದರು, ಬರಲಿಲ್ಲ ಅಂತ ಹೇಳಲಾರೆ. ಹೆಣ್ಣು ನೋಡಲು ಬಂದವರ ಹಾಗೆ ಕುಲಗೋತ್ರ ವಿಚಾರಿಸಿದರು.

"ಇದರ ತಾಯಿಗೆ ಕಾಯಿಲೆಗೀಯಿಲೆ ಇರಲಿಲ್ಲ ತಾನೇ?"

"ಅಯ್ಯೋ, ಎಷ್ಟು ಮುದ್ದಾಗಿದೆ ಮುಖ! ಇದನ್ನ ಹ್ಯಾಗಪ್ಪ ತಿನ್ನೋದು?" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡು ಎದುರಂಗಡಿಗೆ ಹೋಗಿ ಎರಡು ಕಿಲೋ ಕೊಂಡಳು. ಅಲ್ಲಿ ಚೀಟಿಯಿಲ್ಲ, ಹಳೆಯ ಬೆಲೆ, ಮುಖವೂ ಇಲ್ಲ.

ಮೇಷ್ಟ್ರು ಮಾತ್ರ ಅಂಗಡಿಯಲ್ಲೇ ನಿಂತು ಆ ನಂಬರಿಗೆ ಫೋನ್ ಮಾಡಿದರು. ಮೇಕೆಯ ಕ್ಷೇಮಸಮಾಚಾರ ಜೋರಾಗಿಯೇ ಕೇಳಿದರು. ಆಮೇಲೆ ಆಚೆ ಹೋಗಿ ದನಿ ತಗ್ಗಿಸಿದರು. ನನಗೆ ಆಗಲೇ ಅನುಮಾನ ಬಂತು.

ಶನಿವಾರ ಬೆಳಿಗ್ಗೆ ನಗುನಗುತ್ತ ಬಂದರು. "ಗಿಚೂಹಿ, ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಒಂದು ಇಡೀ ಮೇಕೆ ತರಿಸಿದೀವಿ. ಬಂದು ಕೊಯ್ದು ಕೊಡಪ್ಪ, ನಿನ್ನ ಕೈ ಚೆಂದ. ಎಲ್ಲಿಯದೋ ಏನೋ ಅಂತ ಯೋಚನೆ ಮಾಡ್ಬೇಡ, ನಮ್ಮ ಪಾರ್ಸಲೋಯ್‌ದೇ!"

ನಮ್ಮ ಪಾರ್ಸಲೋಯ್! ಕುದಿಯುವ ಚಹಾ ಕೈಯಲ್ಲೇ ಇತ್ತು, ಎರಚದೆ ಇದ್ದದ್ದು ನನ್ನ ದೊಡ್ಡತನ. ಗಿಚೂಹಿ ಚಾಕು ಒರೆಸಿಕೊಂಡು ಹೋದ. ಕೂಲಿಗೆಂದು ತಲೆ, ಕಾಲು, ಕರುಳು ಕೊಟ್ಟು ಕಳಿಸಿದರು. ಮುಂದಿನ ಶನಿವಾರಗಳಲ್ಲಿ ಊರಿನವರೆಲ್ಲ ಅದೇ ಉಪಾಯ ಕಲಿತರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ತಿಂಗಳು ತುಂಬುವುದರೊಳಗೆ ಅಪ್ಪನ ಅಂಗಡಿಗೆ ಬೀಗ ಬಿತ್ತು. ಅವತ್ತು ನಾನೂ ಅತ್ತೆ.

ಈಗ ಆ ಮುಚ್ಚಿದ ಬಾಗಿಲ ಮುಂದೆಯೇ ಗಿಚೂಹಿ ಸಂಜೆ ಒಲೆ ಹಚ್ಚಿ ಮುತುರಾ ಸುಡುತ್ತಾನೆ. ಕರುಳಿಗೆ ರಕ್ತ, ಚೂರುಪಾರು ಮಾಂಸ ತುಂಬಿ ಕೆಂಡದ ಮೇಲಿಟ್ಟರೆ ಪೇಟೆಯೆಲ್ಲ ಘಮಘಮ. ಯಾರ ಕರುಳೋ, ಯಾರ ರಕ್ತವೋ, ದೇವರೇ ಬಲ್ಲ. ಚೀಟಿಯಿಲ್ಲ, ಬಾಲವೂ ಇಲ್ಲ. ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಮೊನ್ನೆ ಮೇಷ್ಟ್ರು ಮುತುರಾ ಕೊಯ್ಯುವ ಹಲಗೆಯ ಮುಂದೆ ಕೈಚಾಚಿದರು. "ಇನ್ನೊಂದು ತುಂಡು ಹಾಕೋ."

ಗಿಚೂಹಿಯ ಚಾಕು ನಿಂತಿತು. "ಇದು ಯಾರ ಹಟ್ಟಿಯದು ಅಂತ ಕೇಳಲ್ವಾ ಮೇಷ್ಟ್ರೇ?"

"ಥೂ! ತಿನ್ನೋವಾಗ ಎಂಥ ಮಾತಾಡ್ತೀಯೋ, ರುಚಿ ಕೆಡುತ್ತೆ."

ಗಿಚೂಹಿ ಬೇಕೆಂದೇ ಇಪ್ಪತ್ತು ಹೆಚ್ಚು ಕೇಳಿದ. ಮೇಷ್ಟ್ರು ಬೆರಳು ನೆಕ್ಕುತ್ತ, ಚೌಕಾಸಿ ಮಾಡದೆ ಕೊಟ್ಟರು.